ಜಗಲಿಗೆ ಎಷ್ಟು ಜಾಗ?

ವರ್ಷಕ್ಕೆ ಎರಡು ಸಲ, ಏಪ್ರಿಲ್ ತಿಂಗಳ 24ನೆಯ ತಾರೀಖಿನ ಸುಮಾರಿಗೊಮ್ಮೆ, ಆಗಸ್ಟ್ ತಿಂಗಳ 18ರ ಸುಮಾರಿಗೊಮ್ಮೆ, ಬೆಂಗಳೂರಿನ ಬಯಲಿನಲ್ಲಿ ನಿಂತ ಮನುಷ್ಯನಿಗೆ ನಡುಹಗಲಿನಲ್ಲಿ ತನ್ನ ನೆರಳೇ ಕಾಣದಂತಾಗುತ್ತದೆ. ಏಪ್ರಿಲಿನ ಆ ದಿನ ಮಧ್ಯಾಹ್ನ 12 ಗಂಟೆ 17 ನಿಮಿಷದ ವೇಳೆಗೆ ಸೂರ್ಯನು ಊರಿನ ನೆತ್ತಿಯ ಮೇಲೆ ನೇರವಾಗಿ ಬಂದು ನಿಲ್ಲುತ್ತಾನೆ. ಶಾಲೆಯ ಹುಡುಗರು ಅಂಗಳದಲ್ಲಿ ಕೋಲು ನೆಟ್ಟು, ಅದರ ನೆರಳು ಕುಗ್ಗುತ್ತ ಕುಗ್ಗುತ್ತ ಬುಡದೊಳಗೆ ಅಡಗಿಹೋಗುವುದನ್ನು ಕಂಡು ಚಪ್ಪಾಳೆ ತಟ್ಟುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಅದರ ಚಿತ್ರವೂ ಬರುತ್ತದೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಆದರೆ ಮನೆ ಕಟ್ಟಿಸುವವರು ಆ ಕೋಲಿನ ಬುಡದಲ್ಲಿ ಇನ್ನೂ ಒಂದು ಗಳಿಗೆ ನಿಂತಿದ್ದರೆ ಲಾಭವಿತ್ತು. ಈ ಎರಡು ದಿನಗಳ ನಡುವಣ ನಾಲ್ಕು ತಿಂಗಳ ಕಾಲ ಬೆಂಗಳೂರಿನ ಮಧ್ಯಾಹ್ನದ ಸೂರ್ಯನು ಇರುವುದು ಉತ್ತರಕ್ಕೆ. ಮಿಕ್ಕ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರಿನ ಕೊನೆಯಲ್ಲಿ ಸಹ ಅವನು ದಿಗಂತದಿಂದ 53 ಡಿಗ್ರಿಗಳಿಗಿಂತ ಕೆಳಗಿನ ಮಧ್ಯಾಹ್ನವನ್ನು ತೋರಿಸುವುದಿಲ್ಲ. ಎಂದರೆ, ಈ ಊರಿನ ಮನೆಯಲ್ಲಿ ಬಿಸಿಲಿನ ಭಾರವನ್ನು ಹೊರುವುದು ಮೊದಲು ತಾರಸಿ, ಅದರ ತರುವಾಯ ಸಾಯಂಕಾಲದ ಇಳಿಬಿಸಿಲಿಗೆ ಎದೆಯೊಡ್ಡುವ ಪಶ್ಚಿಮದ ಗೋಡೆ. ಉತ್ತರ ದಕ್ಷಿಣದ ಗೋಡೆಗಳಿಗೆ ಒಂದೂವರೆ ಎರಡಡಿಯ ಚಾಚುಹಲಗೆಯಷ್ಟು ನೆರಳು ಕೊಟ್ಟರೆ ಅವು ತಣ್ಣಗಿರುತ್ತವೆ. ಹೆಬ್ಬಾಗಿಲು ಯಾವ ದಿಕ್ಕಿಗೆ ಇದ್ದರೆ ಐಶ್ವರ್ಯ ಬರುವುದೆಂದು ನಾಲ್ವರು ಜೋಯಿಸರನ್ನು ಕೇಳುವ ಗೃಹಸ್ಥರು, ಮಗುವಿನ ತೊಟ್ಟಿಲಿರುವ ಕೋಣೆಯ ಗೋಡೆ ಪಶ್ಚಿಮಕ್ಕಿದ್ದರೆ ರಾತ್ರಿ ಹತ್ತು ಗಂಟೆಯ ತನಕ ಅದು ಒಲೆಯಂತೆ ಕಾವು ಬಿಡುತ್ತಿರುತ್ತದೆಂಬುದನ್ನು ಯಾರನ್ನೂ ಕೇಳುವುದಿಲ್ಲ.

ಹಿಂದಿನವರು ಕೇಳದೆಯೇ ತಿಳಿದಿದ್ದರು. ಕಲಬುರಗಿಯ ಕಡೆ ಬಿಸಿಲು ಬಲ, ಮಳೆ ಕಡಿಮೆ. ಅಲ್ಲಿಯ ಹಳೆಯ ಮನೆಗಳ ಗೋಡೆ ಎರಡಡಿ ಮೂರಡಿ ದಪ್ಪ, ಕಿಟಕಿ ಅಂಗೈಯಗಲ, ಮೇಲೆ ಮಣ್ಣು ಹೊದಿಸಿದ ಮಟ್ಟಸ ಮಾಳಿಗೆ. ಹಗಲಿನ ಝಳವು ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ. ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ. ಮಂಗಳೂರಿನ ಕಡೆಯ ಮಾತೇ ಬೇರೆ. ವರ್ಷಕ್ಕೆ 350 ಸೆಂಟಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆ ನಾಡಿನಲ್ಲಿ ಮನೆಯೆಂದರೆ ಮುಖ್ಯವಾಗಿ ಮಾಡು. ಗೋಡೆ ಅದರ ಕೆಳಗಿನ ಉಪಚಾರ. 1865ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಇಳಿಜಾರು ಮಾಡಿಗೆ ಕೆಂಪು ಬಣ್ಣ ಬಂದಿತು. ಹಳೆಯ ಮೈಸೂರಿನ ಊರುಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ. ಒಂದೇ ರಾಜ್ಯದೊಳಗೆ ಮೂರು ಹವೆ, ಮೂರು ಬಗೆಯ ಮನೆ. ನಕಾಶೆ ಬರೆದುಕೊಟ್ಟ ಎಂಜಿನಿಯರರು ಯಾರೂ ಇಲ್ಲ.

ಬೆಂಗಳೂರಿನ ಹವೆ ಈ ಮೂರರ ನಡುವಿನದು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯ ಎತ್ತರ, ವರ್ಷಕ್ಕೆ ಸುಮಾರು 97 ಸೆಂಟಿಮೀಟರ್ ಮಳೆ, ಅದೂ ಮುಂಗಾರು ಹಿಂಗಾರುಗಳೆರಡರಲ್ಲಿ ಹಂಚಿಕೊಂಡು. 2016ರ ಏಪ್ರಿಲಿನಲ್ಲಿ ಉಷ್ಣತೆ 39.2 ಡಿಗ್ರಿಗೆ ಏರಿದಾಗ ಊರು ಹೌಹಾರಿತು. ಕಲಬುರಗಿಯವರು ಕೇಳಿ ನಕ್ಕಿರಬೇಕು. ಇಂಥ ಹವೆಯಲ್ಲಿ ಮನುಷ್ಯನಿಗೆ ಬೇಕಾದುದು ದಪ್ಪ ಗೋಡೆಯ ಮರೆಯೂ ಅಲ್ಲ, ಭಾರಿ ಮಾಡಿನ ಆಶ್ರಯವೂ ಅಲ್ಲ. ತಲೆಯ ಮೇಲೊಂದು ನೆರಳು, ಮೈಗೆ ಸೋಕುವ ಗಾಳಿ, ಎರಚಲು ಬಿದ್ದಾಗ ಎರಡು ಹೆಜ್ಜೆ ಹಿಂದೆ ಸರಿಯಲು ಜಾಗ. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಸ್ಥಳಕ್ಕೆ ಕನ್ನಡದಲ್ಲಿ ಜಗಲಿಯೆಂದು ಹೆಸರು. ಬಸವನಗುಡಿಯ ಹಳೆಯ ಮನೆಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಾದ ಕೋಣೆ ಯಾವುದೆಂದರೆ, ಕೋಣೆಯೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಈ ಜಗಲಿ.

ಹವೆಯನ್ನು ಲೆಕ್ಕಹಾಕಿ ಮನೆಯ ನಕಾಶೆ ಬರೆಯಬೇಕೆಂಬ ವಿದ್ಯೆ ಶಾಸ್ತ್ರರೂಪವನ್ನು ತಾಳಿದ ಕಥೆಯಲ್ಲಿಯೂ ಬೆಂಗಳೂರಿಗೆ ಒಂದು ಪಾಲುಂಟು. ಹಿಟ್ಲರನ ಜರ್ಮನಿಯನ್ನು ಬಿಟ್ಟು ಹೊರಟ ಓಟೊ ಕೋನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. 1948ರ ತನಕ ಇಲ್ಲಿದ್ದು ಅವರು ಕಟ್ಟಿದ ಕಟ್ಟಡಗಳಲ್ಲಿ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಒಂದು. ಸಂಜೆಯ ಹೊತ್ತು ಅದರ ನೆರಳಿನಲ್ಲಿ ಕೂಡುವ ವೃದ್ಧರಲ್ಲಿ ಎಷ್ಟೋ ಮಂದಿಗೆ ಅದನ್ನು ಕಟ್ಟಿದಾತ ಬರ್ಲಿನ್ನಿನವರೆಂಬುದು ತಿಳಿದಿರಲಾರದು. ಮುಂದೆ ಅವರು ಲಂಡನ್ನಿಗೆ ಹೋಗಿ ಉಷ್ಣವಲಯದ ದೇಶಗಳ ಗೃಹನಿರ್ಮಾಣವನ್ನು ಕಲಿಸುವ ಆಚಾರ್ಯರಾದರು. 1970ರ ದಶಕದಲ್ಲಿ ಮೂವರು ಸಹಲೇಖಕರೊಡನೆ ಅವರು ಬರೆದ ಕೈಪಿಡಿ ಇಂದಿಗೂ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ಮೊದಲು ಮಳೆ, ಗಾಳಿ, ತಾಪಗಳ ಪಟ್ಟಿ. ಪೆನ್ಸಿಲು ಆಮೇಲೆ—ಇದು ಆ ವಿದ್ಯೆಯ ಮೊದಲ ಪಾಠ.

ಕೋನಿಗ್ಸ್‌ಬರ್ಗರ್ ಮೈಸೂರನ್ನು ಬಿಟ್ಟ ವರ್ಷವೇ ಊರಿನ ದಕ್ಷಿಣಕ್ಕೆ ಹೊಸ ಬಡಾವಣೆಯೊಂದು ಹುಟ್ಟಿತು. 1948ನೆಯ ಆಗಸ್ಟ್ 20ರಂದು ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಡಿಗಲ್ಲಿಟ್ಟರು. (ನೆರಳಿಲ್ಲದ ದಿನ ಕಳೆದು ಆಗ ಎರಡೇ ದಿನವಾಗಿತ್ತು, ಆ ಮುಹೂರ್ತವನ್ನು ಯಾರೂ ಶಕುನವೆಂದು ಎಣಿಸಿದಂತಿಲ್ಲ.) ಅಗಲವಾದ ರಸ್ತೆ, ಸಾಲುಮರ, ಬ್ಲಾಕಿಗೊಂದು ಉದ್ಯಾನ, ಅಳೆದು ಹಂಚಿದ ನಿವೇಶನಗಳು. ಜಯನಗರದ ಬೆನ್ನಿಗೆ ಬನಶಂಕರಿ, ಜಯಪ್ರಕಾಶ ನಗರಗಳು ಬಂದುವು; ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಪೋಣಿಸಿಕೊಂಡು ಬಿ.ಟಿ.ಎಂ. ಬಡಾವಣೆಯೂ ಬಂದಿತು. ಮಧ್ಯಮವರ್ಗದ ಸಂಸಾರದ ಆಯುಷ್ಯದ ಆಸೆಯೆಲ್ಲ ‘ಮೂವತ್ತು-ನಲವತ್ತು’ ಎಂಬ ಎರಡು ಸಂಖ್ಯೆಗಳಲ್ಲಿ ಅಡಗಿಕೊಂಡಿತು. ಮೂವತ್ತಡಿ ಅಗಲ, ನಲವತ್ತಡಿ ಉದ್ದ. ಮೇಸ್ತ್ರಿಗಳ ಲೆಕ್ಕದಲ್ಲಿ ಹನ್ನೆರಡು ಚದರ.

ಜಯನಗರದ ಯಾವುದಾದರೊಂದು ಅಡ್ಡರಸ್ತೆಯಲ್ಲಿ ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹುಡುಕಿದರೆ ಪ್ರತಿ ರಸ್ತೆಯಲ್ಲಿಯೂ ಅದು ಸಿಕ್ಕೇ ಸಿಕ್ಕುತ್ತದೆ. ಸರ್ಕಾರದ ಕಚೇರಿಯಿಂದ ನಿವೃತ್ತರಾದ ಯಜಮಾನರು ತಮ್ಮ ತಾರುಣ್ಯದಲ್ಲಿ ಸಾಲ ಮಾಡಿ ಕಟ್ಟಿಸಿದ್ದು. ಕೆಂಪು ಗಾರೆಯ ನೆಲ, ಮುಂದೆ ನಾಲ್ಕಡಿ ಅಗಲದ ಜಗಲಿ, ಜಗಲಿಯಂಚಿಗೆ ಒರಗಲು ತಕ್ಕ ಕಟ್ಟೆ, ಗೇಟಿನ ಪಕ್ಕದಲ್ಲಿ ಸೀಬೆಯ ಮರ. ಮನೆಯ ಹಿರಿಯಾಕೆ ಮಾಗಿಯ ಕಾಲದಲ್ಲಿ ಆ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಾರೆ. ಸುಲಿಯುವುದು ನೆಪ. ತರಕಾರಿಯ ಗಾಡಿಯವನೊಡನೆ ಚೌಕಾಸಿ, ಎದುರು ಮನೆಯಾಕೆಯೊಡನೆ ಕ್ಷೇಮಸಮಾಚಾರ, ಶಾಲೆಯಿಂದ ಬರುವ ಮೊಮ್ಮಗುವಿನ ನಿರೀಕ್ಷಣೆ—ಇವೆಲ್ಲ ಆ ಮೊರದ ಸುತ್ತ ನಡೆಯುತ್ತವೆ. ಈಗ ಮಕ್ಕಳು ಮನೆಯನ್ನು ಕೆಡವಿ ಕಟ್ಟುವ ಮಾತನ್ನು ಎತ್ತಿದ್ದಾರೆ. ಕೆಳಗೆ ಕಂಬಗಳ ನಡುವೆ ಕಾರುಗಳು, ಮೇಲೆ ಮೂರು ಅಂತಸ್ತು. ಮಗನಿಗೊಂದು, ಮಗಳಿಗೊಂದು, ಬಾಡಿಗೆಗೊಂದು. ಎಂಜಿನಿಯರರು ನೀಲನಕಾಶೆ ತಂದು ಮೇಜಿನ ಮೇಲೆ ಹಾಸುತ್ತಾರೆ. ಎಲ್ಲರೂ ತಂತಮ್ಮ ಕೋಣೆಯ ಅಳತೆಯನ್ನು ನೋಡಿಕೊಳ್ಳುತ್ತಾರೆ. ಕಡೆಗೆ ಹಿರಿಯಾಕೆ ಕೇಳುತ್ತಾರೆ: “ಅವರೆಕಾಯಿ ಎಲ್ಲಿ ಕೂತು ಸುಲಿಯುವುದು?” ಎಲ್ಲರೂ ನಗುತ್ತಾರೆ. ಉತ್ತರ ಕೊಡುವವರಿಲ್ಲ.

ಮಕ್ಕಳನ್ನು ಆಡಿ ಫಲವಿಲ್ಲ. ಜಯನಗರದ ನೆಲಕ್ಕೆ ಬಂದಿರುವ ಬೆಲೆಯಲ್ಲಿ ಒಂದೊಂದು ಅಡಿಯನ್ನೂ ಬಾಡಿಗೆಯ ತಕ್ಕಡಿಯಲ್ಲಿ ತೂಗುವುದು ಲೋಭವೇನೂ ಅಲ್ಲ. ಸಾಲದ ಕಂತು ಕಟ್ಟುವವನ ಲೆಕ್ಕಾಚಾರ. ಆದರೆ ಲೆಕ್ಕವನ್ನೇ ಹಾಕುವುದಾದರೆ ಪೂರ್ತಿಯಾಗಿ ಹಾಕಬೇಕು. ಅದಕ್ಕೆ ಜಯನಗರದಿಂದ ಮೂರು ನಾಲ್ಕು ಮೈಲಿ ಆಚೆ, ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಗೆ ಹೋಗಿಬರುವುದು ಒಳ್ಳೆಯದು.

ಒಂದು ಪಕ್ಕಕ್ಕೆ ಜಯಪ್ರಕಾಶ ನಗರ, ಇನ್ನೊಂದು ಪಕ್ಕಕ್ಕೆ ಬಿ.ಟಿ.ಎಂ. ಬಡಾವಣೆಯ ವಿಸ್ತಾರ, ನಡುವೆ ನೂರು ಎಕರೆಯ ಹಸುರು ಆವರಣ: ಅದು ಭಾರತೀಯ ವ್ಯವಸ್ಥಾಪನಾ ಸಂಸ್ಥೆ. ಅಲ್ಲಿ ಓದಿದವರಿಗಿಂತ, ‘ತ್ರೀ ಈಡಿಯಟ್ಸ್’ ಎಂಬ 2009ರ ಹಿಂದಿ ಚಲಚ್ಚಿತ್ರದಲ್ಲಿ ಆ ಕಟ್ಟಡವನ್ನು ಕಂಡವರ ಸಂಖ್ಯೆಯೇ ಹೆಚ್ಚು. 1973ರಲ್ಲಿ ಸ್ಥಾಪಿತವಾಗಿ, ನಗರದಲ್ಲಿ ಬಾಡಿಗೆಯ ಜಾಗದಲ್ಲಿ ನಡೆಯುತ್ತಿದ್ದ ಈ ಸಂಸ್ಥೆಗೆ ಸ್ವಂತ ಮನೆಯ ನಕಾಶೆ ಬರೆಯುವ ಕಾರ್ಯ 1977ರಲ್ಲಿ ಬಾಲಕೃಷ್ಣ ದೋಶಿಯವರ ಪಾಲಿಗೆ ಬಂದಿತು. ದೋಶಿಯವರು ಪುಣೆಯಲ್ಲಿ 1927ರಲ್ಲಿ ಹುಟ್ಟಿದವರು. ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೆಯವರ ಕೈಕೆಳಗೆ ಕೆಲಸ ಕಲಿತು, ಅವರ ಕಟ್ಟಡಗಳ ಮೇಲ್ವಿಚಾರಣೆಗೆಂದು ಅಹಮದಾಬಾದಿಗೆ ಬಂದು ಅಲ್ಲಿಯೇ ನೆಲೆಸಿದವರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯ ಅವರೇ. 2023ರ ಜನವರಿಯಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ತೀರಿಕೊಂಡರು.

ಅಹಮದಾಬಾದಿನಲ್ಲಿಯೂ ಇಂಥದೇ ಒಂದು ಸಂಸ್ಥೆಯುಂಟು. ಅದಕ್ಕೆ ಅಮೆರಿಕದ ಲೂಯಿ ಕಾನ್ ಅವರನ್ನು ಕರೆತಂದು ಜೊತೆಗೆ ದುಡಿದವರೂ ದೋಶಿಯವರೇ. ಆ ಕಟ್ಟಡ ಇಟ್ಟಿಗೆಯದು. ಮೇ ತಿಂಗಳಿನಲ್ಲಿ ಉಷ್ಣತೆ ನಲವತ್ತನ್ನು ದಾಟುವ ಆ ಊರಿನಲ್ಲಿ ಬಿಸಿಲೆಂಬುದು ಹೊರಗೆ ತಡೆಯಬೇಕಾದ ಶತ್ರು. ಆದುದರಿಂದ ದಪ್ಪ ಗೋಡೆ, ಗೋಡೆಯಲ್ಲಿ ದೊಡ್ಡ ದೊಡ್ಡ ವರ್ತುಲಗಳು, ಅವುಗಳ ಹಿಂದೆ ಆಳವಾದ ನೆರಳು. ದೋಶಿಯವರು 1980ರ ಹೊತ್ತಿಗೆ ತಮಗಾಗಿ ಅಲ್ಲಿ ಕಟ್ಟಿಕೊಂಡ ‘ಸಂಗಾತ್’ ಎಂಬ ಕಾರ್ಯಾಗಾರವಂತೂ ಅರ್ಧ ನೆಲದೊಳಕ್ಕೆ ಇಳಿದು, ಬಿಳಿಯ ಪಿಂಗಾಣಿ ಚೂರುಗಳ ಕಮಾನುಗಳನ್ನು ತಲೆಯ ಮೇಲೆ ಹೊದ್ದುಕೊಂಡು ಕುಳಿತಿದೆ. ಅದೇ ಕೈ, ಅದೇ ಕಾಲದಲ್ಲಿ, ಬೆಂಗಳೂರಿನಲ್ಲಿ ಮಾಡಿದ್ದು ಇದಕ್ಕೆ ಪೂರಾ ವಿರುದ್ಧವಾದ ಕೆಲಸ. ಇಟ್ಟಿಗೆಯ ಸ್ಥಾನದಲ್ಲಿ ಬೂದುಬಣ್ಣದ ಒರಟು ಗ್ರಾನೈಟ್ ಕಲ್ಲು. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಬೇಲಿಯ ಕಂಬದಿಂದ ಹಿಡಿದು ಗೋಡೆ ಚಾವಣಿಗಳ ತನಕ ಕಲ್ಲುಚಪ್ಪಡಿಯನ್ನು ಬಳಸುವುದು ರೂಢಿ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಆ ರೂಢಿ ಎಲ್ಲಿಂದ ಬಂತೆಂಬುದು ಗೊತ್ತಾಗುತ್ತದೆ. ನೆಲದ ಕಲ್ಲೇ ಎದ್ದು ಗೋಡೆಯಾಗಿ ನಿಂತಿತು.

ಆದರೆ ಬಿಳೇಕಹಳ್ಳಿಯ ಸ್ವಾರಸ್ಯ ಗೋಡೆಯಲ್ಲಿಲ್ಲ, ಗೋಡೆಗಳ ನಡುವೆ ಇದೆ. ತರಗತಿಗಳು, ಗ್ರಂಥಭಂಡಾರ, ಅಧ್ಯಾಪಕರ ಕೊಠಡಿಗಳು—ಇವುಗಳಿಗೆ ಬೇಕಾದಷ್ಟು ಸ್ಥಳವನ್ನು ಕೊಟ್ಟ ಮೇಲೆ ದೋಶಿಯವರು ತಮ್ಮ ಮನಸ್ಸನ್ನೆಲ್ಲ ಧಾರೆಯೆರೆದದ್ದು ಅವನ್ನು ಒಂದಕ್ಕೊಂದು ಕೂಡಿಸುವ ಮೊಗಸಾಲೆಗಳಿಗೆ. ಫತೇಪುರ ಸಿಕ್ರಿಯ ಅಂಗಳಗಳು ಅವರ ಕಣ್ಣ ಮುಂದಿದ್ದುವು. ಕೆಲವೆಡೆ ಆ ಮೊಗಸಾಲೆ ಮೂರಂತಸ್ತಿನ ಎತ್ತರಕ್ಕೆ ಏರುತ್ತದೆ; ಕೆಲವೆಡೆ ಮೇಲೆ ಗಟ್ಟಿಯಾದ ಚಾವಣಿ, ಕೆಲವೆಡೆ ಬರಿಯ ಕಾಂಕ್ರೀಟಿನ ತೊಲೆಗಳ ಚಪ್ಪರ, ಇನ್ನು ಕೆಲವೆಡೆ ಏನೂ ಇಲ್ಲ, ಆಕಾಶ. ಚಪ್ಪರದ ತೊಲೆಗಳಿಗೆ ಬಳ್ಳಿ ಹಬ್ಬಿದೆ. ನಡೆಯುತ್ತ ಹೋದಂತೆ ಒಮ್ಮೆ ನೆರಳು, ಒಮ್ಮೆ ಬಿಸಿಲು; ತಿರುವಿನಲ್ಲಿ ಒಂದು ಅಂಗಳ, ಅಂಗಳದಂಚಿಗೆ ಕೂರಲು ಕಟ್ಟೆ. ದೊಡ್ಡ ದೇವಸ್ಥಾನದ ಪ್ರಾಕಾರದಲ್ಲಿ ಪ್ರದಕ್ಷಿಣೆ ಬಂದವರಿಗೆ ಈ ಅನುಭವ ಹೊಸದೇನೂ ಅಲ್ಲ. ವಿದ್ಯೆಯ ಅರ್ಧ ಪಾಲು ತರಗತಿಯ ಹೊರಗೆ, ಪಾಠ ಮುಗಿಸಿ ಬಾಗಿಲು ದಾಟಿದ ಗುರುಶಿಷ್ಯರು ಕಂಬಕ್ಕೊರಗಿ ನಿಂತು ಆಡುವ ಮಾತಿನಲ್ಲಿ ಹುಟ್ಟುತ್ತದೆಂಬುದು ದೋಶಿಯವರ ನಂಬಿಕೆ. ಕಾಲೇಜಿನಲ್ಲಿ ಕಲಿತವರು ಯಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಅಹಮದಾಬಾದಿನ ಮೇ ತಿಂಗಳಿನಲ್ಲಿ ಹೊರಗೆ ನಿಂತು ಮಾತಾಡುವುದಕ್ಕೆ ಎದೆಗಾರಿಕೆ ಬೇಕು. ಬೆಂಗಳೂರಿನಲ್ಲಿ ಅದು ವರ್ಷದ ಬಹುತೇಕ ದಿನಗಳಲ್ಲಿ ಸುಖ. ಆ ಒಂದು ಭೇದದ ಮೇಲೆ ಇಡೀ ಕಟ್ಟಡ ನಿಂತಿದೆ.

ಅದರಲ್ಲಿ ಕುಂದಿಲ್ಲವೆಂದಲ್ಲ. ಗಾಳಿಮಳೆ ಜೋರಾದಾಗ ತೆರೆದ ಮೊಗಸಾಲೆಗೆ ಎರಚಲು ಬಾರದೆ ಇರದು. ಪುಸ್ತಕವನ್ನು ಎದೆಗವಚಿಕೊಂಡು ಓಡುವುದು ಅಲ್ಲಿಯ ವಿದ್ಯಾಭ್ಯಾಸದ ಒಂದು ಅಂಗ. ಒರಟು ಕಲ್ಲಿನ ಗೋಡೆ ಮೋಡ ಮುಸುಕಿದ ದಿನ ತುಸು ಬಿಗುಮಾನದ ಮುಖ ಮಾಡುತ್ತದೆ. ಎಲ್ಲಕ್ಕೂ ಮಿಗಿಲಾಗಿ, ನೂರು ಎಕರೆಯಿದ್ದವರು ಅಂಗಳ ಬಿಡುವುದು ಏನು ದೊಡ್ಡಸ್ತಿಕೆ, ಹನ್ನೆರಡು ಚದರದವನ ಗತಿಯೇನು ಎಂದು ಜಯನಗರದ ಗೃಹಸ್ಥರು ಕೇಳಬಹುದು. ಕೇಳಲೇಬೇಕು.

ಆ ಪ್ರಶ್ನೆಗೆ ದೋಶಿಯವರೇ ಬೇರೊಂದು ಊರಿನಲ್ಲಿ ಉತ್ತರ ಕೊಟ್ಟಿದ್ದಾರೆ. 1980ರ ದಶಕದಲ್ಲಿ ಮಧ್ಯಪ್ರದೇಶದ ಇಂದೂರಿನಲ್ಲಿ, ಬಹುಮಟ್ಟಿಗೆ ಬಡವರಿಗಾಗಿಯೇ, ‘ಅರಣ್ಯ’ ಎಂಬ ಬಡಾವಣೆಯನ್ನು ಅವರು ಯೋಜಿಸಿದರು. ಸುಮಾರು 6,500 ಮನೆಗಳು. ಇಂದು ಅಲ್ಲಿ ವಾಸವಾಗಿರುವವರು ಎಂಬತ್ತು ಸಾವಿರಕ್ಕೂ ಹೆಚ್ಚು. ಅಲ್ಲಿಯ ಅತ್ಯಂತ ಚಿಕ್ಕ ನಿವೇಶನ 35 ಚದರ ಮೀಟರು, ಎಂದರೆ ಸುಮಾರು 377 ಚದರಡಿ. ಜಯನಗರದ ಮೂವತ್ತು-ನಲವತ್ತರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಮನೆಯನ್ನು ಪೂರ್ತಿಯಾಗಿ ಕಟ್ಟಿಕೊಡುವಷ್ಟು ಹಣವಿರಲಿಲ್ಲ. ತಳಪಾಯ, ಶೌಚದ ಮನೆ, ನೀರಿನ ಕೊಳಾಯಿ, ಒಂದು ಕೋಣೆ ಇಷ್ಟನ್ನು ಮೊದಲು ಒದಗಿಸಿ, ಮಿಕ್ಕದ್ದನ್ನು ಸಂಸಾರದವರು ಕೈಯಲ್ಲಿ ಕಾಸು ಓಡಾಡಿದಂತೆಲ್ಲ ತಾವೇ ಬೆಳೆಸಿಕೊಳ್ಳುವಂತೆ ವ್ಯವಸ್ಥೆಯಾಯಿತು. ಮಾದರಿಗೆಂದು ಕಟ್ಟಿ ತೋರಿಸಿದ್ದು ಎಂಬತ್ತು ಮನೆ. ಇಷ್ಟೊಂದು ಬಿಗಿಯಲ್ಲಿಯೂ ಬೀದಿಯ ಕಡೆಗೆ ‘ಓಟ್ಲಾ’ ಎಂಬ ಕಟ್ಟೆಯೊಂದನ್ನು ಅವರು ಕೈಬಿಡಲಿಲ್ಲ. ಓಟ್ಲಾ ಎಂದರೆ ಬೇರೇನೂ ಅಲ್ಲ, ಜಗಲಿಯೇ. ಹೊಲಿಗೆಯವನು ಅದರ ಮೇಲೆ ಯಂತ್ರವನ್ನಿಟ್ಟ. ಹೆಂಗಸರು ಅಲ್ಲಿ ಕುಳಿತು ಕಾಳು ಹಸನು ಮಾಡಿದರು. ಆ ಬಡಾವಣೆಗೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ದೊರೆಯಿತು. ಮೂರು ಮುಕ್ಕಾಲು ಚದರದವನಿಗೆ ದಕ್ಕಿದ ಜಗಲಿ ಹನ್ನೆರಡು ಚದರದವನಿಗೆ ದಕ್ಕದೆ ಹೋಗುವುದೆಂದರೆ, ಕೊರತೆ ಇರುವುದು ನೆಲದಲ್ಲಲ್ಲ.

ಮತ್ತೆ ಜಯನಗರದ ಆ ಮೇಜಿನ ಬಳಿಗೆ. ನಾಲ್ಕಡಿ ಅಗಲ, ಹತ್ತಡಿ ಉದ್ದದ ಜಗಲಿಯೆಂದರೆ ನಲವತ್ತು ಚದರಡಿ. ನಿವೇಶನದ ಮೂವತ್ತರಲ್ಲಿ ಒಂದು ಪಾಲು. ನಕಾಶೆಯಲ್ಲಿ ಒಂದೊಂದು ಕಾರಿಗೆ ಎಂಟಡಿಗೆ ಹದಿನಾರಡಿ, ಎಂದರೆ 128 ಚದರಡಿ, ಯಾರೂ ಚೌಕಾಸಿಯಿಲ್ಲದೆ ಒಪ್ಪಿಕೊಂಡಿದ್ದಾರೆ. ಕಂಬದಡಿಯ ಜಾಗದಲ್ಲಿ ಬೀದಿಯ ಕಡೆಗೆ ಆ ನಲವತ್ತು ಚದರಡಿಯನ್ನು ಅರ್ಧ ಮೊಳ ಎತ್ತರಿಸಿ, ಕೆಂಪು ಗಾರೆ ಬಳಿದರೆ ಹಿರಿಯಾಕೆಯ ಪ್ರಶ್ನೆ ಇತ್ಯರ್ಥವಾಗುತ್ತದೆ. ಮೇಲಿನ ಅಂತಸ್ತುಗಳಲ್ಲಿ, ಒಂದು ಕುರ್ಚಿಯೂ ಹಿಡಿಸದ ಎರಡಡಿಯ ಅಲಂಕಾರದ ಮೊಗಸಾಲೆಗಳನ್ನು ಮೂರು ಕಡೆ ಚಾಚುವ ಬದಲು ಒಂದೇ ಕಡೆ ಐದಡಿಯದನ್ನು ಕೊಡಬಹುದು. ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಪಶ್ಚಿಮದ ಗೋಡೆಗೆ ಒತ್ತಿದರೆ ಮಲಗುವ ಕೋಣೆಗೂ ಇಳಿಬಿಸಿಲಿಗೂ ನಡುವೆ ತಡೆಯೊಂದು ಬೀಳುತ್ತದೆ. ಇದಕ್ಕೆ ಕಾಸೂ ಬೇಡ, ಪೆನ್ಸಿಲನ್ನು ಸರಿಸಿದರೆ ಸಾಕು. ಮಳೆಗಾಲದ ಗಾಳಿ ಪಡುವಣದ್ದು, ಚಳಿಗಾಲದ್ದು ಮೂಡಣದ್ದು. ಎದುರುಬದುರಿಗೆ ಕಿಟಕಿಗಳಿದ್ದರೆ ಎರಡೂ ಒಳಗೆ ಹಾದುಹೋಗುತ್ತವೆ. ಆದರೆ ಹಾಯಲು ಹೊರಗೆ ಸಂದಿ ಇರಬೇಕಷ್ಟೆ. ನಿಯಮದಂತೆ ಪಕ್ಕದಲ್ಲಿ ಬಿಡಬೇಕಾದ ಜಾಗವನ್ನು ಇಬ್ಬರೂ ನುಂಗಿದ ಕಡೆಗಳಲ್ಲಿ ಒಂದು ಮನೆಯ ಕಿಟಕಿ ತೆರೆದರೆ ಮತ್ತೊಂದು ಮನೆಯ ಗೋಡೆ ಕೈಗೆ ಸಿಕ್ಕುತ್ತದೆ. ಹಾಡುಹಗಲಿನಲ್ಲಿ ದೀಪ ಹಚ್ಚಿ ತರಕಾರಿ ಹೆಚ್ಚಬೇಕಾಗುತ್ತದೆ. ಹಾಗೆ ಗೆದ್ದ ಮೂರಡಿಯ ಲಾಭವನ್ನು ವಿದ್ಯುತ್ತಿನ ಬಿಲ್ಲು ಮೂವತ್ತು ವರ್ಷ ವಸೂಲು ಮಾಡುತ್ತದೆ.

ತಾರಸಿಯ ಮಾತು ಉಳಿಯಿತು. ಸುಣ್ಣದ ಬಿಳುಪು, ಬಿಳಿಯ ಪಿಂಗಾಣಿ ಚೂರು, ಇಲ್ಲವೇ ಕುಂಡಗಳ ಹಸುರು. ಮೂರರಲ್ಲಿ ಯಾವುದಿದ್ದರೂ ನೆತ್ತಿಯ ಸೂರ್ಯನ ಕೋಪ ಕೆಳಗಿನ ಕೋಣೆಗೆ ಇಳಿಯುವುದು ಕಡಿಮೆಯಾಗುತ್ತದೆ. ಮಳೆನೀರನ್ನು ಹಿಡಿಯುವುದಂತೂ 2009ರಿಂದ ಇಂಥ ಹೊಸ ಮನೆಗಳಿಗೆ ಕಾನೂನಿನ ಕಟ್ಟಳೆಯೇ ಆಗಿದೆ. ಎಂಟುನೂರು ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 72,000 ಲೀಟರು. ಅದರ ಕ್ರಮವನ್ನು ತೋರಿಸಿಕೊಡಲು ಜಯನಗರದ ಐದನೆಯ ಬ್ಲಾಕಿನಲ್ಲಿ ಜಲಮಂಡಳಿಯ ಉದ್ಯಾನವೇ ಇದೆ. ಅದು ಬೇರೊಂದು ವಾರಕ್ಕೆ ತಕ್ಕ ವಿಷಯ.

ಮೇಜಿನ ಮೇಲೆ ನಕಾಶೆ ಇನ್ನೂ ಹಾಸಿಯೇ ಇದೆ. ಸಂಜೆ ಎಲ್ಲರೂ ಎದ್ದುಹೋದ ಮೇಲೆ ಯಜಮಾನರು ಕನ್ನಡಕವನ್ನು ಏರಿಸಿ, ಮೊಮ್ಮಗಳ ಕಂಪಾಸುಪೆಟ್ಟಿಗೆಯಿಂದ ಅಡಿಕೋಲನ್ನು ತೆಗೆದು, ಗೇಟಿನ ಪಕ್ಕದಲ್ಲಿ, ಕಾರಿನ ಮೂತಿಗೂ ರಸ್ತೆಗೂ ನಡುವೆ, ತೆಳುವಾಗಿ ಒಂದು ಆಯತವನ್ನು ಎಳೆಯುತ್ತಾರೆ. ಹತ್ತಡಿ ಸಾಲದು, ಎಂಟೂವರೆಯೇ ಬರುತ್ತದೆ. ಮೆಟ್ಟಿಲನ್ನು ಒಂದಿಷ್ಟು ಹಿಂದಕ್ಕೆ ತಳ್ಳಲಾದೀತೇ ಎಂದು ನಾಳೆ ಎಂಜಿನಿಯರರನ್ನು ಕೇಳಬೇಕು. ಹೊರಗೆ, ಇನ್ನೂ ಕೆಡವದಿರುವ ಜಗಲಿಯ ಮೇಲೆ, ಮೊರದಲ್ಲಿ ಕಾಳು ಬೀಳುವ ಸದ್ದು ಕೇಳಿಸುತ್ತಿರುತ್ತದೆ.